ಆಯೇರಿ ತಗೊಂಡ ಮೇಲೆ

ನನ್ನ ಮಗ ಗುರುಪಾದ ಶಾಲೆಯಲ್ಲಿದ್ದಾಗ ಲೆಕ್ಕದ ಪುಸ್ತಕದ ಧೂಳು ಕೊಡವಿದವನಲ್ಲ. ಅಂಥವನು ಆ ಭಾನುವಾರ, ಮಹಾರಾಷ್ಟ್ರಕ್ಕೆ ಹೋದರೆ ಏನೇನು ತೆರಿಗೆ ಬೀಳುತ್ತದೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತ ಕೂತಿದ್ದ. ನೋಡಿ ನನ್ನ ಮೈಯೆಲ್ಲ ಉರಿಯಿತು.

ವಿಷಯ ಇಷ್ಟೇ. ನನ್ನ ಸೊಸೆ ಸೌಮ್ಯಾ ಹುಬ್ಬಳ್ಳಿ ಬದಿಯ ತಾರಿಹಾಳದ ಒಂದು ಕಾರ್ಖಾನೆಯಲ್ಲಿ ವಾಲ್ವುಗಳನ್ನು ತಪಾಸಣೆ ಮಾಡುತ್ತಾಳೆ. ಕೆಲಗೇರಿಯ ನಮ್ಮ ಮನೆಯಿಂದ ಎರಡು ಸಲ ಬಸ್ಸು ಬದಲಿಸಬೇಕು. ಮುಂಜಾನೆ ಆರಕ್ಕೆ ಹೊರಟವಳು ಮನೆ ಸೇರುವುದು ರಾತ್ರಿ ಎಂಟಕ್ಕೆ. ಎಂಟು ವರ್ಷ ದುಡಿದರೂ ಪಗಾರ ಹದಿನೆಂಟು ಸಾವಿರ. ಈಗ ಕೊಲ್ಲಾಪುರದ ಕಂಪನಿಯೊಂದು ನಲವತ್ತು ಕೊಡುತ್ತೇವೆ, ಇಡೀ ವಿಭಾಗ ನೀವೇ ನೋಡಿಕೊಳ್ಳಿ ಎಂದು ಪತ್ರ ಕಳಿಸಿತ್ತು. ಹತ್ತನೇ ತಾರೀಖಿನೊಳಗೆ ಉತ್ತರ ಕೊಡಬೇಕು. ಆ ಪತ್ರವನ್ನು ಅವಳು ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಮತ್ತೆ ಮತ್ತೆ ಓದುವುದನ್ನು ನಾನು ಕಂಡಿದ್ದೆ. ಗಂಡನಿಗೆ ಮಾತ್ರ "ನೀವು ಹ್ಯಾಂಗ ಅಂತೀರಿ ಹಂಗ" ಎಂದಷ್ಟೇ ಹೇಳಿದ್ದಳು.

"ಯವ್ವಾ, ಇಲ್ಲಿ ಆಕಿ ಪಗಾರಕ್ಕ ವೃತ್ತಿ ತೆರಿಗಿನ ಇಲ್ಲ, ಅಲ್ಲಿ ತಿಂಗಳಾ ಹಿಡೀತಾರ" ಎಂದ ಗುರುಪಾದ. "ನಿಪ್ಪಾಣಿ ದಾಟಿದ್ರ ಪೆಟ್ರೋಲ್ ತುಟ್ಟಿ. ಗಾಡಿ ನಂಬರ್ ಬದಲಿಸಬೇಕಂದ್ರ ಮತ್ತ ರೋಡ್ ಟ್ಯಾಕ್ಸ್!"

"ಪಗಾರ ಜಾಸ್ತಿ ಬರ್ತೈತಿ ಅಂತ ಹಿಡೀತಾರೋ ಹುಚ್ಚಪ್ಯಾಲಿ! ನಿನಗ ಯಾರೂ ಹಿಡಿಯೂದಿಲ್ಲ, ಚಿಂತಿ ಬಿಡು."

ಅವನಿಗಿದ್ದದ್ದು ತೆರಿಗೆಯ ಚಿಂತೆಯಲ್ಲ. ಹೆಂಡತಿಯ ನೌಕರಿಯ ಬೆನ್ನು ಹತ್ತಿ ಊರು ಬಿಟ್ಟ ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ನಾಚಿಕೆ. ಮಿಕ್ಸರ್ ರಿಪೇರಿ ಮಾಡುವವನು ಅವನು; ಕೊಲ್ಲಾಪುರದಲ್ಲಿ ಮಿಕ್ಸರುಗಳೇನು ಕೆಡುವುದಿಲ್ಲವೇ?

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೊನೆಗೆ ಬೇರೆ ದಾರಿ ಹಿಡಿದೆ.

ನಮ್ಮ ಓಣಿಯಲ್ಲಿ ಯಾರಾದರೂ ಊರು ಬಿಟ್ಟು ಹೊರಟರೆ ಮನೆಮನೆಯವರು ಊಟಕ್ಕೆ ಕರೆದು, ಟವೆಲ್ಲೋ ಸೀರೆಯೋ ಆಯೇರಿ ಮಾಡಿ ಕಳಿಸುತ್ತಾರೆ. ಉಂಡು ಆಯೇರಿ ತೆಗೆದುಕೊಂಡ ಮೇಲೆ ಹೋಗಲೇಬೇಕು. ಹಿಂದೆ ಇದೇ ಓಣಿಯ ನೀಲಕಂಠಪ್ಪ ಸೊಲ್ಲಾಪುರಕ್ಕೆ ಹೊರಟೆನೆಂದು ಒಂಬತ್ತು ಮನೆ ಉಂಡು, ಒಂಬತ್ತು ಟವೆಲ್ ಹೊತ್ತುಕೊಂಡು, ಹೋಗದೆ ಉಳಿದುಬಿಟ್ಟ. ಆಮೇಲೆ ಕಂಡಕಂಡವರೆಲ್ಲ "ಸೊಲ್ಲಾಪುರದಿಂದ ಯಾವಾಗ ಬಂದ್ರಿ?" ಎಂದು ಕೇಳಿ ಕೇಳಿ, ಮೂರು ವರ್ಷಕ್ಕೆ ಪಾಪ, ಮನೆ ಮಾರಿ ಹುಬ್ಬಳ್ಳಿಗೆ ಹೋದ.

ನಾನು ನೇರ ಪಕ್ಕದ ಮನೆಯ ಗೌರಕ್ಕನ ಕಟ್ಟೆಯ ಮೇಲೆ ಹೋಗಿ ಕೂತೆ. "ಮಗಾ ಸೊಸಿ ಕೊಲ್ಲಾಪುರಕ್ಕ ಹೊಂಟಾರವಾ. ಯಾರ ಮುಂದೂ ಹೇಳಬ್ಯಾಡ" ಎಂದೆ. ದೀಪ ಹಚ್ಚುವ ಹೊತ್ತಿಗೆ ಮೂರು ಮನೆಯಿಂದ ಊಟದ ಕರೆ ಬಂತು.

ಗುರುಪಾದ ಕೂಗಾಡಿದ. ಆದರೆ ಮೊದಲ ಮನೆಯಲ್ಲಿ ಶೇಂಗಾ ಹೋಳಿಗೆ ಎಂದು ಗೊತ್ತಾದಾಗ ದನಿ ಇಳಿಸಿ, "ಉಂಡು ಬರೂಣು, ಆಮ್ಯಾಲೆ ಹೇಳಿದ್ರಾತು" ಎಂದ. ಎರಡನೇ ಮನೆಯಲ್ಲೂ ಹೇಳಲಿಲ್ಲ. ಎಲ್ಲರೂ "ಸೌಮ್ಯಾ ಅಗದೀ ಶಾಣ್ಯಾಕಿ ಬಿಡ್ರಿ, ನಿಮ್ಮ ಪುಣ್ಯಾ" ಎನ್ನುವುದು ಕೇಳಿ ಅವನ ಎದೆ ನಿಧಾನವಾಗಿ ಉಬ್ಬತೊಡಗಿತು. ನಾಲ್ಕನೇ ಮನೆಯಲ್ಲಿ ಯಾರೂ ಕೇಳದಿದ್ದರೂ ಅವನೇ, "ನಮ್ಮಾಕಿ ಅಲ್ಲಿ ಇಡೀ ವಿಭಾಗಾನ ನೋಡ್ಕೋತಾಳ್ರಿ" ಎಂದ. ಸೌಮ್ಯಾ ಆ ರಾತ್ರಿಯೇ ಕಂಪನಿಗೆ ಒಪ್ಪಿಗೆ ಕಳಿಸಿದಳು. ಎಂಟನೇ ತಾರೀಖು ಅದು.

ನಾನು ಗೆದ್ದ ಖುಷಿಯಲ್ಲಿದ್ದೆ. ನಾನು ಹೋಗುವವಳಲ್ಲ, ಅದನ್ನು ಮೊದಲೇ ಹೇಳಿದ್ದೆ. "ಅತ್ತಿ, ನೀವೂ ಬರ್ರಿ" ಎಂದು ಸೌಮ್ಯಾ ಎರಡು ಸಲ ಕರೆದಿದ್ದಳು. ಮರಾಠಿಯ ಒಂದಕ್ಷರ ಬಾರದ ನಾನು ಅಲ್ಲಿ ಯಾರ ಮುಖ ನೋಡುತ್ತ ಕೂಡಲಿ? ಒಲ್ಲೆ ಎಂದಿದ್ದೆ. ಇಲ್ಲಿ ಭಜನೆ ಇದೆ, ಗೌರಕ್ಕನ ಕಟ್ಟೆ ಇದೆ. ಎಂಟು ವರ್ಷದ ಮೇಲೆ ಟೀವಿ ರಿಮೋಟೂ ನನ್ನ ಕೈಗೆ ಬರುವುದಿತ್ತು.

ಕೊನೆಯ ಊಟ ಗೌರಕ್ಕನ ಮನೆಯಲ್ಲಿ. ಮೂವರೂ ಹೋದೆವು. ತುಪ್ಪ ಸುರಿದುಕೊಂಡು ನಾನು ಮೂರು ಹೋಳಿಗೆ ಉಂಡೆ, ಸುಳ್ಳು ಯಾಕೆ ಹೇಳಲಿ. ಗೌರಕ್ಕ ಸೌಮ್ಯಾಳಿಗೆ ಉಡಿ ತುಂಬಿದಳು, ಗುರುಪಾದನಿಗೆ ಟವೆಲ್ ಕೊಟ್ಟಳು. ಆಮೇಲೆ ಹೊಸ ಇಳಕಲ್ ಸೀರೆಯೊಂದನ್ನು ತಂದು ನನ್ನ ಕೈಯಲ್ಲಿಟ್ಟಳು.

"ಇದ್ಯಾಕವಾ ನನಗ?"

"ನೀವೂ ಹೊಂಟೀರಲ್ಲ ಈರಕ್ಕಾ! ಓಣಿಗೆಲ್ಲ ಗೊತ್ತೈತಿ."

"ಯಾರಂದ್ರು?"

"ಸೌಮ್ಯಾನ ಹೇಳಿದ್ಲು. ಯಾರ ಮುಂದೂ ಹೇಳಬ್ಯಾಡ್ರಿ ಅಂದಿದ್ಲು."

ತಿರುಗಿ ನೋಡಿದೆ. ನನ್ನ ಸೊಸೆ ತಲೆ ಬಗ್ಗಿಸಿ ಉಡಿಯಲ್ಲಿನ ಅಕ್ಕಿ ಸರಿಮಾಡುತ್ತಿದ್ದಳು.

"ನನಗೂ ಮರಾಠಿ ಬರೂದಿಲ್ಲರಿ ಅತ್ತಿ" ಎಂದಳು ಮೆಲ್ಲಗೆ. "ದಿನಾ ಎಂಟಕ್ಕ ಬಂದಾಗ ಬಾಗಲ್ದಾಗ ನೀವು ನಿಂತಿರ್ತೀರಿ. ಅಲ್ಲಿ ಯಾರು ನಿಂದರ್ತಾರ್ರಿ?"

ಬೈಯಬೇಕೆಂದಿದ್ದವಳು ಅವಳ ಸೆರಗಿಗೆ ಅಂಟಿದ ಅಕ್ಕಿಕಾಳು ಕೊಡವಿದೆ. ಗುರುಪಾದ ಹಲ್ಲು ಕಿಸಿದು, "ಯವ್ವಾ, ಮೂರು ಹೋಳಿಗಿ ಉಂಡಿ. ಈಗ ಒಲ್ಲೆ ಅಂದ್ರ ನೀಲಕಂಠಪ್ಪನ ಗತಿ ನೋಡು" ಎಂದ.

ಸೀರೆಯ ಸೆರಗು ಬಿಚ್ಚಿ ನೋಡಿದೆ. ಬಣ್ಣವೂ ನಾನು ಮೆಚ್ಚುವಂಥದ್ದೇ ಇತ್ತು.

"ರಿಮೋಟ್ ನನ್ನ ಕೈಯಾಗ ಇರಬೇಕು ನೋಡ್ರಿ, ಈಗ ಹೇಳೇನಿ" ಎಂದೆ.