ಹಗ್ಗ ಹಿಡಿದವನ ಚಿತ್ರ

ಜೇನಿನ ಕತೆಯನ್ನು ಎಲ್ಲಿಂದ ಶುರು ಮಾಡಬೇಕು? ದೇವಿಯಿಂದ ಶುರು ಮಾಡುವುದು ಸೇಫ್. ಎರಡು ಕಾಲಿನವರಿಂದಲೂ ನಾಲ್ಕು ಕಾಲಿನವುಗಳಿಂದಲೂ ಸಾವು ಬರಬಾರದೆಂದು ವರ ಪಡೆದಿದ್ದ ಅರುಣಾಸುರನ ಮೇಲೆ ಆಕೆ ಆರು ಕಾಲಿನ ಹುಳಗಳನ್ನು ಬಿಟ್ಟಳು. ಶ್ರೀಶೈಲದಲ್ಲಿ ಭ್ರಮರಾಂಬೆಯ ಗುಡಿಯ ಹಿಂದಿನ ಗೋಡೆಗೆ ಕಿವಿಗೊಟ್ಟರೆ ಈಗಲೂ ಗುಂಯ್ ಎನ್ನುವುದು ಕೇಳುತ್ತದಂತೆ.

ಹಿಮಾಯತ್‌ನಗರದ ಒಂದು ಲೈಬ್ರರಿಯಲ್ಲಿ ಪ್ರತಿ ಭಾನುವಾರ ಮಕ್ಕಳಿಗೆ ಇದನ್ನು ಹೇಳುತ್ತೇನೆ. ಆಮೇಲೆ ಹೂವಿನ ದಿಕ್ಕನ್ನು ಕುಣಿದು ತೋರಿಸುವ ನೊಣ, ಜೇನು ಕೀಳುವವನನ್ನು ಗುಹೆಯ ಗೋಡೆಯ ಮೇಲೆ ಬಿಡಿಸಿಟ್ಟ ಆದಿಮಾನವ. ಕೈಗಳನ್ನು ರೆಕ್ಕೆ ಮಾಡಿಕೊಂಡು ಗುಂಯ್‌ಗುಡುತ್ತೇನೆ. (ಗುರುರಾಜ ಅಂಕಲ್ ಜೇನಿಗೆ ಜೀವ ತುಂಬುತ್ತಾರೆ ಎಂದು ತಾಯಂದಿರು ಹೊಗಳುತ್ತಾರೆ. ಆ ಅಂಕಲ್ ನಾನೇ. ಜೀವ ತುಂಬುವ ಮಾತು ಆಮೇಲೆ ನೋಡೋಣ.) ಹೋದ ವಾರ ಅನ್ವಿತಾ ಎಂಬ ಹುಡುಗಿ ಗುಹೆಯ ಚಿತ್ರದಲ್ಲಿ ಜೋತಾಡುತ್ತಿದ್ದವನ ಮೇಲೆ ಬೆರಳಿಟ್ಟು ಕೇಳಿದಳು: “ಅಂಕಲ್, ಮೇಲೆ ಹಗ್ಗ ಹಿಡಿದವನ ಚಿತ್ರ ಯಾಕಿಲ್ಲ?”

ನೀರು ಕುಡಿಯಲು ಎದ್ದುಹೋದೆ.

೧

(ಹರಿದುಹಾಕಿದ ಡ್ರಾಫ್ಟ್.) “೧೯೯೯. ಬೇಗಂಪೇಟೆಯ ಗಾಜಿನ ಕಟ್ಟಡದಲ್ಲಿ ನಾವೆಲ್ಲ ವೈ-ಟು-ಕೆ ಕೋಡ್ ತಿದ್ದುತ್ತಿದ್ದಾಗ, ಆರನೇ ಮಹಡಿಯ ಹೊರಗೆ ಹೆಜ್ಜೇನು ತನ್ನದೂ ಒಂದು ಬ್ರಾಂಚ್ ಆಫೀಸ್ ತೆರೆದಿತ್ತು…” ಜೋಕು ಚೆನ್ನಾಗಿದೆ. ಅದಕ್ಕೇ ಹರಿದೆ.

೨

ನೇರವಾಗಿ ಹೇಳುತ್ತೇನೆ. ಮಧ್ಯಾಹ್ನ ಅಮೆರಿಕದ ಕ್ಲೈಂಟ್ ಬರುವವರಿದ್ದರು, ಅಷ್ಟರೊಳಗೆ ಗೂಡು ಹೋಗಬೇಕಿತ್ತು. ಯಾದಗಿರಿ ಕಡೆಯಿಂದ ಬಂದು ಶಹರದಲ್ಲಿ ಜೇನು ಕೀಳುತ್ತಿದ್ದ ದ್ಯಾವಪ್ಪನನ್ನು ಕರೆಸಿದರು. ಜೊತೆಯಲ್ಲಿ ಹೆಂಡತಿ ಹಂಪಮ್ಮ, ಅವಳ ತಮ್ಮ ತಾಯಪ್ಪ. ಕನ್ನಡ ಬರುತ್ತಿದ್ದವನು ನಾನೊಬ್ಬನೇ ಆದ್ದರಿಂದ ಮ್ಯಾನೇಜರ್ ಆಶಿಷ್ ನನ್ನನ್ನು ಗೇಟಿಗೆ ಅಟ್ಟಿದ. ಪಾಸ್ ಒಬ್ಬನಿಗೇ ಎಂದು ಸೆಕ್ಯುರಿಟಿಯವರು ಹಂಪಮ್ಮನನ್ನೂ ತಾಯಪ್ಪನನ್ನೂ ಹೊರಗೇ ನಿಲ್ಲಿಸಿದ್ದರು.

“ಹಗಲಿನಾಗ ಹೆಜ್ಜೇನು ಕೆಣಕೂದು ಭಾಳ ಕೆಟ್ಟರಿ. ತಾಯಪ್ಪ ಬರ್ಲಿಲ್ಲಂದ್ರ ನಾ ಇಳಿಯಂಗಿಲ್ಲ,” ಎಂದ ದ್ಯಾವಪ್ಪ. “ನಮ್ಮಾಗ ಹಗ್ಗ ಹೆಂಡ್ತಿ ಅಣ್ಣತಮ್ಮರ ಹಿಡೀಬೇಕು. ಹುಳ ಎಷ್ಟ ಕಡದ್ರೂ ಅಂವ ಬಿಡಂಗಿಲ್ಲ. ಬಿಟ್ರ ಅವರ ಅಕ್ಕನ ಕುಂಕುಮನ ಹೋಗ್ತೈತಿ.”

ಎಂಥಾ ಕತೆ ಎಂದುಕೊಂಡೆ. ಆಶಿಷನಿಗೆ ಇದನ್ನು ತಿಳಿಸಿ ಇನ್ನೊಂದು ಪಾಸ್ ಬರೆಸುವುದು ಐದು ನಿಮಿಷದ ಕೆಲಸವಾಗಿತ್ತು. ಆದರೆ ಆ ಕತೆಯೊಳಗೆ ನಾನೂ ಇರಬೇಕು ಎನಿಸಿತು. “ನಾನ ಹಿಡೀತೀನಿ ಬಿಡಪಾ,” ಎಂದೆ.

ಹಂಪಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತು ರಾಖಿಯ ಹಾಗೆ ನನ್ನ ಮಣಿಕಟ್ಟಿಗೆ ಕಟ್ಟಿದಳು. “ಇವತ್ತಿಂದ ನೀವ ನಮ್ಮಣ್ಣರಿ. ಕೈ ಬಿಡಬ್ಯಾಡ್ರಿ.” ತಾಯಪ್ಪ ಹೆಗಲ ಮೇಲಿದ್ದ ತನ್ನ ಹಗ್ಗವನ್ನು ಗೇಟಿನ ಸರಳುಗಳ ನಡುವಿನಿಂದ ನನಗೆ ಕೊಟ್ಟ.

೩

ಇಲ್ಲಿಂದ ಮುಂದೆ ಎರಡು ಅಂತ್ಯಗಳಿವೆ, ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

ಅಂತ್ಯ ಒಂದು: ಹುಳಗಳು ಟೆರೇಸಿಗೆ ಎದ್ದುಬಂದವು, ನನ್ನ ಮುಖ ಊದಿತು, ನಾನು ಬಿಡಲಿಲ್ಲ. ದ್ಯಾವಪ್ಪ ಮೇಲೆ ಬಂದು, “ಭಾವಾ,” ಎಂದು ನಕ್ಕು ಬೊಗಸೆಗೆ ಜೇನು ಸುರಿದ. (ಕಣ್ಣಲ್ಲಿ ನೀರು ಬಂತೇ? ನನಗೂ ಬಂತು.)

ಅಂತ್ಯ ಎರಡು: ಹಗ್ಗ ಹಳೆಯದು, ಹರಿಯಿತು. ಪೊಲೀಸರಿಗೆ ನಾನು ಬರೆದುಕೊಟ್ಟದ್ದು ಇದನ್ನೇ.

“ಹಗ್ಗ ತಾಯಪ್ಪಂದಿತ್ತು,” ಎಂದು ಹಂಪಮ್ಮ ನಡುವೆ ಬಾಯಿ ಹಾಕುತ್ತಾಳೆ. (ಇವಳು ನನ್ನ ಕತೆಯ ಹಂಪಮ್ಮ. ನಿಜವಾದವಳ ಮುಖ ನೋಡುವ ಧೈರ್ಯ ನನಗಿಲ್ಲ.) “ಹರಕ ಹಗ್ಗ ತಂದು ನನ್ನ ಗಂಡನ್ನ ಕೊಂದಿ ಅಂತ ಏಳು ವರ್ಷ ಆತು, ತಮ್ಮಗ ಬಾಗಲಾ ತಗದಿಲ್ಲ ನಾ. ಖರೇ ಏನಾತು, ಅದನ್ನ ಬರೀರಿ.”

ಬಾಗಿಲ ಸಂಗತಿ ನಾನು ಕಟ್ಟಿದ್ದಲ್ಲ. ಹೋದ ವರ್ಷ ಬೇಗಂ ಬಜಾರ್‌ನಲ್ಲಿ ಮೂಟೆ ಹೊರುತ್ತಿದ್ದ ತಾಯಪ್ಪನೇ ಸಿಕ್ಕಿ ಹೇಳಿದ. “ಹಗ್ಗ ಹೊಸಾದಿತ್ತರಿ ಸಾಹೇಬ್ರ. ನೀವ ಹಿಡದಿದ್ರಿ, ನಿಮಗ ಗೊತ್ತಿರತೈತಿ,” ಎಂದ. ಹ್ಞೂಂ ಎಂದೆ. ಬೆಲ್ಲ ತೆಗೆದುಕೊಂಡು ಆಟೋ ಹತ್ತಿದೆ.

೪

ಬಿಟ್ಟೆ.

ಒಂದು ಹುಳ ಕಣ್ಣಿನ ರೆಪ್ಪೆಗೆ ಕಡಿಯಿತು, ಎರಡೂ ಕೈ ಮುಖಕ್ಕೆ ಹೋದವು. ಗೇಟಿನ ಹೊರಗಿನಿಂದ ಹಂಪಮ್ಮ ಕೂಗಿದ್ದು ಕೇಳಿಸಿತು. “ಯಣ್ಣಾ,” ಎಂದು ಕೂಗಿದಳು. ಪೊಲೀಸರು ಬರುವ ಹೊತ್ತಿಗೆ ಹಗ್ಗ ಹೊಗೆ ಹಾಕಲು ಹಚ್ಚಿದ್ದ ಬೆಂಕಿಯಲ್ಲಿ ಸುಡುತ್ತಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ.

ಬರೆದೆನಲ್ಲ ತಾಯಿ, ಸಾಕೇ?

“ನಂಗ ಓದಾಕ ಬರಂಗಿಲ್ಲ ಅಂತ ಗೊತ್ತಿದ್ದ ಬರದೀರಿ,” ಎನ್ನುತ್ತಾಳೆ. “ಮಂದಿ ಮಕ್ಕಳಿಗೆ ಬಾಯಿಲೆ ಕತಿ ಹೇಳತೀರಲ್ಲ? ನನಗೂ ಬಂದು ಹೇಳ್ರಿ. ನಮ್ಮ ತಾಯಪ್ಪನ್ನ ಕರಕೊಂಡ ಬರ್ರಿ.”

೫

ಈ ಕತೆಗೆ ಅಂತ್ಯ ಬರೆಯುವುದಿಲ್ಲ. ಓಪನ್ ಎಂಡಿಂಗ್ ಎನ್ನುತ್ತೇವೆ ನಾವು, ಬರೆಯುವವರು. (ಹೇಡಿತನಕ್ಕೂ ಒಂದು ಒಳ್ಳೆಯ ಹೆಸರು ಬೇಕಲ್ಲ.) ಇವತ್ತು ಭಾನುವಾರ. ಬೇಗಂ ಬಜಾರ್‌ಗೆ ಹೋಗಿ ತಾಯಪ್ಪನನ್ನು ಕೇಳಿದರೆ ಅಕ್ಕನ ಮನೆ ತೋರಿಸುತ್ತಾನೆ. ಚಪ್ಪಲಿ ಮೆಟ್ಟಿ ಹೊರಟೆ, ಆಟೋ ಹತ್ತಿದೆ, “ಕಿಧರ್ ಸಾಬ್?” ಎಂದು ಆಟೋದವನು ಕೇಳಿದ.

ಲೈಬ್ರರಿಯಲ್ಲಿ ಮಕ್ಕಳು ಆಗಲೇ ಬಂದು ಕೂತಿದ್ದಾರೆ. ಅನ್ವಿತಾ ಮುಂದಿನ ಸಾಲಿನಲ್ಲಿದ್ದಾಳೆ. ನಾನು ಎರಡೂ ಕೈಗಳನ್ನು ರೆಕ್ಕೆ ಮಾಡುತ್ತೇನೆ. ಮಕ್ಕಳೇ, ಒಂದಾನೊಂದು ಕಾಲದಲ್ಲಿ ಅರುಣಾಸುರ ಅಂತ ಒಬ್ಬ ಇದ್ದ.