ಸಾವಕಾರರ ಜೀಪಿನ ಮುಂದಿನ ಶಾಫ್ಟು

ಜಾಫರಸಾಬನ ಕೈ ತಾಗಿದರೆ ಗುಜರಿ ಗಾಡಿಯೂ ಎದ್ದು ಓಡುತ್ತದೆ ಎಂದು ಐನಾಪುರದಿಂದ ಅಥಣಿಯವರೆಗೆ ನನಗೆ ಹೆಸರಿತ್ತು. ಆ ಹೆಸರಿಗೆ ಮಸಿ ಬಳಿಯುತ್ತಿದ್ದುದು ಒಂದೇ ಗಾಡಿ, ವಿರುಪಾಕ್ಷಪ್ಪ ಸಾವಕಾರರ ಫೋರ್‌ವೀಲ್ ಜೀಪು.

ಅದರ ಮುಂದಿನ ಶಾಫ್ಟು ಸವೆದಿತ್ತು. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗಳಿಗೆ ಒಯ್ಯುವ ಕಬ್ಬಿಣದ ದಂಡ ಅದು. ಅದರ ಎರಡೂ ತುದಿಯ ಕೀಲುಗಳು, ಅಂದರೆ ಕ್ರಾಸುಗಳು, ಸಡಿಲಾಗಿ, ಗಾಲಿ ತಿರುಗಿದಾಗಲೆಲ್ಲ ಖಡಲ್ ಖಡಲ್ ಎನ್ನುತ್ತಿತ್ತು. ಸಾಲದ್ದಕ್ಕೆ ಸಾವಕಾರರು ತಮ್ಮ ಮನೆ ಹತ್ತಿರದ ಕಾಲುವೆ ತಿರುವಿನಲ್ಲಿ ಎಕ್ಸಲೇಟರು ಒತ್ತಿ, ಬಿಟ್ಟು, ಮತ್ತೆ ಒತ್ತಿ, ಆ ಸದ್ದನ್ನು ಇಮ್ಮಡಿ ಮಾಡುತ್ತಿದ್ದರು. ಇಷ್ಟು ವರ್ಷ ಗಾಡಿ ಹೊಡೆದರೂ ಇವರ ಕಾಲಿಗೆ ಹದ ಬರಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಶಾಫ್ಟ ಬದಲಿ ಮಾಡೂಣ್ರಿ" ಎಂದರೆ, "ಇರ್ಲಿ ಬಿಡೋ, ಜೀಪಂದ್ರ ಸಪ್ಪಳ ಇರಬೇಕು" ಎನ್ನುತ್ತಿದ್ದರು. ಎರಡು ವರ್ಷ ಇದೇ ಮಾತು. ನನ್ನ ಗ್ಯಾರೇಜಿನ ಎದುರಿನ ಚಹಾದಂಗಡಿಯಲ್ಲಿ ಕೂತ ಟ್ರ್ಯಾಕ್ಟರ್ ಡ್ರೈವರ್ ಉತ್ತಮನಂತೂ ಸದ್ದು ಕೇಳಿದ ಕೂಡಲೇ, "ಬಂತ ನೋಡ್ರಿ ಜಾಫರಣ್ಣನ ಕೈಗುಣ!" ಎಂದು ಕೂಗುತ್ತಿದ್ದ.

ಎಂಬತ್ತೆಂಟರ ದಸರೆ ಮುಗಿದ ಮೇಲೆ ಜೀಪು ಬ್ರೇಕಿನ ಕೆಲಸಕ್ಕೆ ನನ್ನಲ್ಲಿಗೆ ಬಂತು. ಮಿರಜಿನಿಂದ ತಂದಿದ್ದ ಮಿಲಿಟರಿ ಜೀಪಿನ ಗಟ್ಟಿ ಶಾಫ್ಟು ನನ್ನಲ್ಲಿ ಬಿದ್ದಿತ್ತು. ಹೇಳಲಿಲ್ಲ, ಕೇಳಲಿಲ್ಲ, ಅದನ್ನೇ ಕೂಡಿಸಿ ಕಳಿಸಿದೆ. ಜೀಪು ಬೆಕ್ಕಿನ ಹಾಗೆ ಹೋಯಿತು. ನಾನು ಉತ್ತಮನ ಕಡೆ ನೋಡಿ ಮೀಸೆ ತಿರುವಿದೆ.

ಮೂರನೇ ದಿನ ಬೆಳಿಗ್ಗೆ ಸಾವಕಾರರ ಹೆಂಡತಿ ಗಿರಿಜವ್ವ ಗ್ಯಾರೇಜಿಗೆ ಬಂದಳು. ಹೊಗಳಲು ಬಂದಳೆಂದು ನಾನು ಸ್ಟೂಲು ಒರೆಸಿದೆ.

"ಆ ಸಪ್ಪಳ ತಗಿ ಅಂತ ಯಾವಾಂವ ಹೇಳಿದ್ದ ನಿನಗ?" ಎಂದಳು.

ಗಿರಿಜವ್ವ ಮತ್ತು ಲಕ್ಕವ್ವ ಅಕ್ಕತಂಗಿಯರು. ಅವರನ್ನು ತಂದುಕೊಂಡವರು ಅಣ್ಣತಮ್ಮಂದಿರು, ವಿರುಪಾಕ್ಷಪ್ಪ ಮತ್ತು ಲಗಮಣ್ಣ. ಎರಡೂ ಮನೆಗಳ ಹಿತ್ತಿಲಿಗೆ ನಡುವೆ ಒಂದೇ ಗೋಡೆ. ಎರಡು ವರ್ಷದ ಹಿಂದೆ ಬಾವಿಯ ನೀರಿನ ಪಾಳಿಗಾಗಿ ಅಣ್ಣತಮ್ಮಂದಿರು ಜಗಳಾಡಿದಾಗ, ವಿರುಪಾಕ್ಷಪ್ಪ ಮಂಗಸೂಳಿ ಮಲ್ಲಯ್ಯನ ಗುಡಿಯ ಅರಿಶಿನ, ಭಂಡಾರ, ಮುಟ್ಟಿ ಆಣೆ ಮಾಡಿದ್ದರು: "ನನ್ನ ಹೆಂಡ್ತಿ ಆ ಮನಿಯವರ ಜೋಡಿ ಮಾತಾಡೂದು ಕಣ್ಣಾರೆ ಕಂಡೆ ಅಂದ್ರ ಆಕಿನ್ನ ತವರಿಗಿ ಅಟ್ಟತೀನಿ." ಭಂಡಾರದ ಆಣೆಯನ್ನು ನಮ್ಮ ಓಣಿಯ ಸಾಬರೂ ಮುರಿಯುವುದಿಲ್ಲ.

"ದಿನಾ ಮಧ್ಯಾಹ್ನ ನಾನೂ ಲಕ್ಕಿನೂ ಗ್ವಾಡಿ ಕಡೆ ನಿಂದರತಿದ್ವಿ" ಎಂದಳು ಗಿರಿಜವ್ವ. "ಜೀಪು ಕಾಲುವೆ ತಿರುವಿಗಿ ಬಂದ್ರ ಕೇಳತಿತ್ತು, ಒಳಗ ಹೋಗತಿದ್ವಿ. ಮೊನ್ನೆ ಸಪ್ಪಳಿಲ್ಲದ ಬಂದಬಿಟ್ರೋ! ಪುಣ್ಯಾಕ್ಕ ಜೀಪು ಮೇವಿನ ಬಣವಿಗಿ ಡಿಕ್ಕಿ ಹೊಡೀತು, ಅಷ್ಟರಾಗ ಒಳಗ ಓಡಿದ್ನಿ. ಅವತ್ತಿಂದ ನನ್ನ ತಂಗಿ ಮಾರಿ ನೋಡಿಲ್ಲ."

ಅವಳ ಕಣ್ಣು ತುಂಬಿತು. "ಹಳೇದ ಹಾಕು. ನಮ್ಮ ಮಾಲಕರಿಗೆ ಹೇಳಬ್ಯಾಡ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಈಗ ಸಾವಕಾರರಿಗೆ ಏನು ಸುಳ್ಳು ಹೇಳಲಿ ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಅವರೇ ಜೀಪು ತಂದರು. ಬಂಪರು ಸೊಟ್ಟಗಾಗಿ, ಅದರ ಸಂದಿಯಲ್ಲಿ ಇನ್ನೂ ಜೋಳದ ಕಣಿಕೆ ಸಿಕ್ಕಿಕೊಂಡಿತ್ತು.

"ಬ್ರೇಕ ನಾನಽ ಮಾಡೀನಲ್ರಿ. ಬಣವಿಗಿ ಹೆಂಗ ಹೊಡದ್ರಿ?"

ಅವರು ಅತ್ತಿತ್ತ ನೋಡಿ ಸಣ್ಣ ದನಿಯಲ್ಲಿ, "ಕಣ್ಣ ಮುಚ್ಚಿಕೊಂಡಿದ್ನಿ" ಎಂದರು.

"ಗಾಡಿ ಹೊಡಿಯೂವಾಗ?"

"ಮತ್ತೇನ ಮಾಡ್ಲಿ? ಗ್ವಾಡಿ ಕಡೆ ಹಸರ ಸೆರಗು ಹಾರಿದಂಗಾತು. ಕಂಡಬಿಟ್ರ ಆಣಿ ನಡಸಬೇಕಲ್ಲೋ! ಎರಡ ವರ್ಷ ಆ ಸಪ್ಪಳದ ಮ್ಯಾಲ ಸಂಸಾರ ನಡಿಸೀನಿ ನಾನು. ಹಳೇ ಶಾಫ್ಟ ಹಾಕು. ಗಿರಿಜಾಗ ಹೇಳಬ್ಯಾಡ."

ಕಾಲುವೆ ತಿರುವಿನಲ್ಲಿ ಅವರು ಎಕ್ಸಲೇಟರು ಏಕೆ ಒತ್ತುತ್ತಿದ್ದರೆಂದು ನನಗೆ ಆಗ ಹೊಳೆಯಿತು. ನಗು ತಡೆಯಲಾರದೆ ಜೀಪಿನ ಕೆಳಗೆ ತೂರಿದೆ.

ಹಳೆಯ ಕ್ರಾಸುಗಳು ಮುರಿಯುವ ಹಂತಕ್ಕೆ ಬಂದಿದ್ದವು, ಅವನ್ನು ಹಾಕುವ ಹಾಗಿರಲಿಲ್ಲ. ಗುಜರಿ ರಾಶಿಯಲ್ಲಿ ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಮಾಡುವ ಆದರೆ ಮುರಿಯದ ಜೋಡಿ ಹುಡುಕಿದೆ. ಕೆಟ್ಟದ್ದನ್ನು ಇಷ್ಟು ಮುತುವರ್ಜಿಯಿಂದ ಜನ್ಮದಲ್ಲಿ ಆರಿಸಿರಲಿಲ್ಲ.

ಸಾವಕಾರರು ಖಡಲ್ ಖಡಲ್ ಎನ್ನುತ್ತ ಹೋದರು. ಸ್ವಲ್ಪ ಹೊತ್ತಿಗೆ ಕಾಲುವೆ ತಿರುವಿನಿಂದ ಸದ್ದು ಕೇಳಿಸಿತು. ಆ ದಿನ ಜೀಪು ಹಿಂದೆ ಹೋಗಿ ಮುಂದೆ ಬಂತು, ಮತ್ತೆ ಹಿಂದೆ ಹೋಗಿ ಮುಂದೆ ಬಂತು. ಸದ್ದು ಮರಳಿದೆ ಎಂದು ಗೋಡೆಯ ಎರಡೂ ಕಡೆ ತಿಳಿಯಬೇಕಲ್ಲ.

ಚಹಾದಂಗಡಿಯಿಂದ ಉತ್ತಮ ಕೂಗಿದ, "ಮತ್ತ ಬಂತಲ್ಲೋ ಜಾಫರಣ್ಣ, ನಿನ್ನ ಕೈಗುಣ!"

"ಹೌದಲೇ," ಎಂದೆ ನಾನು, "ನಂದಽ ಕೈಗುಣ."