ಹೆಚ್ಚಿದೆ

ಏಳನೆಯ ಸಲವೂ ಚೌಕಟ್ಟು ಅಳಿವೆಯ ಬರಿಯ ಕೆಸರಿನ ಮೇಲೆ ಬಿತ್ತು. ವಿಜ್ಞಾನಿ ಮಂಡಿಯೂರಿ, ನಾಲ್ಕು ಕಬ್ಬಿಣದ ಸರಳುಗಳ ನಡುವೆ ಎರಡೂ ಕೈ ಇಳಿಸಿ ಬೆರಳುಗಳಿಂದ ಜಾಲಾಡಿದರು. ಹಿಂದೆ ಇಲ್ಲಿ ಕೈ ಹಾಕಿದರೆ ಜೀವವಿರುವ ಚಿಪ್ಪುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಒಂದು ಚೌಕಕ್ಕೆ ಎಂಬತ್ತು, ಕೆಲವು ಸಲ ತೊಂಬತ್ತು. ಈಗ ಸಿಕ್ಕಿದ್ದು ಬಾಯಿ ತೆರೆದ ಒಂದು ಹಳೆಯ ಓಡು, ಅದರೊಳಗೆ ಕಪ್ಪು ಮಣ್ಣು. ಮೂಸಿ ನೋಡಿದರು. ಕೊಳೆತ ಮೊಟ್ಟೆಯ ವಾಸನೆ.

ಚೌಕಟ್ಟು ಎಸೆಯುವುದಕ್ಕೆ ಒಂದು ಕ್ರಮವಿದೆ. ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಹೆಗಲ ಮೇಲಿಂದ ಹಿಂದಕ್ಕೆ ಎಸೆಯಬೇಕು. ನೋಡಿ ಎಸೆದರೆ ಕೈ ತನಗೆ ಬೇಕಾದ ಕಡೆಗೇ ಎಸೆಯುತ್ತದೆ. ಮೂವತ್ತೊಂದು ವರ್ಷ ಅವರು ಪ್ರತಿ ಸಲವೂ ದೇವರನ್ನು ನೆನೆದು ಹಾಗೆಯೇ ಎಸೆದಿದ್ದರು, ಬಿದ್ದ ಕಡೆ ಇದ್ದುದನ್ನೇ ಎಣಿಸಿದ್ದರು. ಚಿಪ್ಪು ಆರಿಸುವ ಹೆಂಗಸರು ಅವರನ್ನು ಲೆಕ್ಕದ ಸಾರ್ ಎಂದು ಕರೆಯುತ್ತಿದ್ದರು. ಆರಿಸಿದ್ದನ್ನೆಲ್ಲ ಎಣಿಸಿ ಮತ್ತೆ ಕೆಸರಿಗೇ ಹಾಕುವ ಗಂಡನನ್ನು ಕಟ್ಟಿಕೊಂಡವಳು ಒಲೆಯ ಮೇಲೆ ಏನಿಡುತ್ತಾಳೋ ಎಂದು ನಗುತ್ತಿದ್ದರು.

ಆ ಹೆಂಗಸರಲ್ಲಿ ಹಿರಿಯಳು, ಎಲ್ಲರನ್ನೂ ಗದರಿಸಿ ದೊಡ್ಡಕ್ಕ ಎಂದು ಹೆಸರಾದವಳು, ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಪಕ್ಕದಲ್ಲೇ ನಿಂತಿದ್ದಳು. ಮೂರು ವರ್ಷದ ಹಿಂದೆ ಹೆಂಡತಿ ಹಾಸಿಗೆ ಹಿಡಿದಾಗ ವಿಜ್ಞಾನಿ ಚೌಕಟ್ಟನ್ನೂ ಲೆಕ್ಕದ ಪುಸ್ತಕವನ್ನೂ ಅವಳಿಗೆ ಒಪ್ಪಿಸಿದ್ದರು. ಅವಳು ಓದಿದ್ದು ನಾಲ್ಕನೆಯ ತರಗತಿ. ಆದರೆ ಎಸೆಯುವ ಕ್ರಮ ಅವರಿಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು.

"ಇಲ್ಲಿ ಹೆಚ್ಚಿದೆ ಅಂತ ಆರು ಸಲ ವರದಿ ಹೋಗಿದೆಯಲ್ಲ ದೊಡ್ಡಕ್ಕ."

"ಹೌದು ಸಾರ್. ನಾನೇ ಬರೆದಿದ್ದು."

"ಒಂದೂ ಇಲ್ಲ ಇಲ್ಲಿ."

"ಅದಕ್ಕೇ ಹಾಗೆ ಬರೆದೆ. ಅನ್ನ ಕೊಟ್ಟ ಜಾಗ. ಬಾಯಿ ಬಿಟ್ಟು 'ಇಲ್ಲ' ಅಂತಾರಾ ಸಾರ್?"

ಅವರು ಪುಸ್ತಕ ಬಿಡಿಸಿದರು. ಒಂದೊಂದು ಎಣಿಕೆಗೆ ನಲವತ್ತು ಚೌಕ, ನಲವತ್ತು ಸಾಲು. ಪ್ರತಿ ಸಾಲಿನಲ್ಲೂ ಅಂಕಿಯ ಬದಲು ದಪ್ಪ ಅಕ್ಷರದಲ್ಲಿ ಒಂದೇ ಮಾತು: ಹೆಚ್ಚಿದೆ, ಹೆಚ್ಚಿದೆ, ಹೆಚ್ಚಿದೆ.

ಆ ಮಾತು ಅವರಿಗೆ ಹೊಸದಲ್ಲ. ಮನೆಯಲ್ಲಿ ಅಕ್ಕಿ ತೀರಿದರೆ ಇಲ್ಲ ಎನ್ನಬಾರದು, ಹೆಚ್ಚಿದೆ ಎನ್ನಬೇಕು. ಬಳೆ ಒಡೆದರೂ ಹೆಚ್ಚಿತು ಎನ್ನುವುದೇ ಮಾತು. ಹೆಂಡತಿ ಕಚೇರಿಗೆ ಫೋನ್ ಮಾಡಿ, "ಅಕ್ಕಿ ಹೆಚ್ಚಿದೆ ಕಣ್ರೀ" ಎಂದ ದಿನ ಅವರು ಸಂಜೆ ಚೀಲ ಹಿಡಿದು ಅಂಗಡಿಗೆ ಹೋಗುತ್ತಿದ್ದರು. ಈ ಪುಸ್ತಕದ ಒಂದು ಪುಟ ತಿರುವಿದ್ದರೂ ಸಾಕಿತ್ತು, ತಿಳಿದುಬಿಡುತ್ತಿತ್ತು. ತಿರುವಿರಲಿಲ್ಲ. ಕಚೇರಿಯ ಸಹಾಯಕ, ಚಿಪ್ಪುಗಳು ಎಣಿಸಲಾಗದಷ್ಟು ಇರಬೇಕೆಂದುಕೊಂಡು ಅದನ್ನು ಹಾಗೆಯೇ ವರದಿಗೆ ಇಳಿಸಿದ್ದ. ಅವರು ಆಸ್ಪತ್ರೆಯ ಪಡಸಾಲೆಯಲ್ಲಿ ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಆರು ಸಲ ರುಜು ಹಾಕಿದ್ದರು. ದೊಡ್ಡಕ್ಕನದು ತಪ್ಪಲ್ಲ ಎಂದು ಅವರಿಗೆ ಅಲ್ಲಿಯೇ, ಕೆಸರಿನಲ್ಲಿಯೇ, ಖಚಿತವಾಯಿತು.

ನಾಳೆ ಕೊಡಬೇಕಾದದ್ದು ಅವರ ಕೊನೆಯ ವರದಿ. ತಿಂಗಳ ಕೊನೆಗೆ ನಿವೃತ್ತಿ. ಈ ಜಾಗಕ್ಕೆ ಮಣ್ಣು ತುಂಬಿ ಹಡಗುಕಟ್ಟೆ ಕಟ್ಟಲು ಒಂದು ಕಂಪನಿ ಬಹಳ ದಿನದಿಂದ ಕಾಯುತ್ತಿತ್ತು. ಜೀವವಿರುವ ಚಿಪ್ಪಿನ ನೆಲವನ್ನು ಮುಟ್ಟಬಾರದೆಂಬ ಒಂದೇ ನಿಯಮ ಅದನ್ನು ತಡೆದಿತ್ತು. ಇದು ದೊಡ್ಡಕ್ಕನಿಗೂ ಗೊತ್ತಿತ್ತು.

"ನೀವು ಇಲ್ಲ ಅಂತ ಬರೆದ್ರೆ ಮಣ್ಣು ಸುರೀತಾರಾ ಸಾರ್?"

"ಸುರೀತಾರೆ."

"ನಾನು ಬರೆದದ್ದೇ ಇರ್ಲಿ ಅಂದ್ರೆ?"

"ಉಳಿಯುತ್ತೆ."

"ಮತ್ತೆ ಇರ್ಲಿ ಬಿಡಿ. ನೆಲ ಇದ್ರೆ ಎಂದಾದ್ರೂ ಚಿಪ್ಪಿನ ಬೀಜ ಬಿದ್ದೀತು. ನಿಮಗೇನು ಸಾರ್, ಪಿಂಚಣಿ ಬರುತ್ತೆ. ನಮಗೆ ಇದು ಬಿಟ್ರೆ ಆ ತೆಂಕಣ ದಂಡೆ ಒಂದೇ. ಅಲ್ಲಿ ಕಾಲಿಡೋಕೂ ಜಗಳ."

ಅವರು ತೆಂಕಣ ದಂಡೆಯ ಕಡೆ ನೋಡಿದರು. ಅಲ್ಲಿ ಏಳೆಂಟು ಹೆಂಗಸರು ಬಗ್ಗಿ ಆರಿಸುತ್ತಿದ್ದರು. ಇದೇ ನೀರು ಮುಂದೆ ಅಲ್ಲಿಗೇ ಹೋಗುತ್ತದೆ.

"ಇದು ಯಾತಕ್ಕೆ ಸತ್ತಿತು ಅಂತ ಹುಡುಕಬೇಕು ದೊಡ್ಡಕ್ಕ. ಹುಡುಕದಿದ್ದರೆ ಆ ದಂಡೆಯೂ ಹೋಗುತ್ತೆ. ಹೆಚ್ಚಿದೆ ಅಂತ ಬರೆದ ಕಡೆ ಯಾರು ಬಂದು ಹುಡುಕ್ತಾರೆ? ಮೂರು ವರ್ಷ ಯಾರೂ ಬರಲಿಲ್ಲವಲ್ಲ."

ಅವರು ಪೆನ್ನು ಚಾಚಿದಾಗ ದೊಡ್ಡಕ್ಕ ಕೈ ಹಿಂದಕ್ಕೆಳೆದುಕೊಂಡಳು. "ಆ ಅಂಕಿ ನನ್ನ ಕೈಲಿ ಬರೆಸಬೇಡಿ. ನೀವೇ ಬರ್ಕೊಳ್ಳಿ."

ಅವರೇ ಬರೆದುಕೊಂಡರು. ಎಸೆಯುವುದು, ಮಂಡಿಯೂರುವುದು, ಜಾಲಾಡುವುದು, ಸೊನ್ನೆ. ಬಿಸಿಲು ಏರಿತು. ಇಪ್ಪತ್ತರ ಹೊತ್ತಿಗೆ ಸೊಂಟ ಹಿಡಿಯಿತು. ದೊಡ್ಡಕ್ಕ ಬೈಯುತ್ತ ಚೌಕಟ್ಟನ್ನು ತಾನೇ ಎತ್ತಿ ತಂದುಕೊಡತೊಡಗಿದಳು. ಎಲ್ಲೋ ಒಂದು ಕಡೆ ಗಟ್ಟಿಯಾದದ್ದು ಬೆರಳಿಗೆ ತಾಗಿ ಇಬ್ಬರೂ ಬಗ್ಗಿದರು. ಅದು ಬಾಟಲಿಯ ಮುಚ್ಚಳವಾಗಿತ್ತು.

ಮೂವತ್ತೊಂಬತ್ತು ಆಯಿತು. ಆಗ ಅವಳು, ಬೆಳಗಿನಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದಳು.

"ಅಮ್ಮಾವ್ರು ಹೇಗಿದಾರೆ ಸಾರ್?"

ನಾಲ್ಕು ತಿಂಗಳಿಂದ ಕೇಳಿದವರಿಗೆಲ್ಲ ಅವರು ಒಂದೊಂದು ಮಾತು ಹೇಳಿದ್ದರು. ತಂಗಿಗೆ, ನೋವು ಕಳೆಯಿತು ಎಂದಿದ್ದರು. ಕಚೇರಿಯವರಿಗೆ, ದೇವರ ಪಾದ ಸೇರಿದಳು ಎಂದಿದ್ದರು. ಆ ಮಾತಿನಲ್ಲಿ ಅವರಿಗೆ ನಂಬಿಕೆಯೂ ಇತ್ತು. ಈಗ ಕೈಯಲ್ಲಿ ಪುಸ್ತಕ ತೆರೆದೇ ಇತ್ತು.

"ಸತ್ತುಹೋದಳು," ಎಂದರು.

ದೊಡ್ಡಕ್ಕ ಬುಟ್ಟಿಯನ್ನು ಕೆಸರಿನ ಮೇಲೆ ಇಳಿಸಿದಳು. ಚೌಕಟ್ಟನ್ನು ಎತ್ತಿಕೊಂಡು, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ, ಹೆಗಲ ಮೇಲಿಂದ ಎಸೆದಳು. ತಾನೇ ಮಂಡಿಯೂರಿದಳು. ಮೂಲೆ ಮೂಲೆಗೂ ಬೆರಳು ಇಳಿಸಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದಳು. ಆಮೇಲೆ ಪಕ್ಕದ ಗುಂಡಿಯ ನೀರಿನಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪೆನ್ನಿಗಾಗಿ ಕೈ ಚಾಚಿದಳು.

ಅವರು ಕೊಟ್ಟರು. ಅವಳು ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ಹೊಸದಾಗಿ ಅಕ್ಷರ ಕಲಿಯುವವಳ ಹಾಗೆ ನಿಧಾನವಾಗಿ, ನಲವತ್ತನೆಯ ಸೊನ್ನೆಯನ್ನು ಸುತ್ತಿದಳು. ಅದು ದುಂಡಗೆ ಬರಲಿಲ್ಲ. ಎರಡು ತುದಿಗಳ ನಡುವೆ ಸ್ವಲ್ಪ ಜಾಗ ಉಳಿಯಿತು.